ಆರ್‌ವಿ ಪಾರ್ಕಿನಲ್ಲಿ ಕರೆಂಟ್ ತಕರಾರು: ಮೊದಲು ದೋಷ ಹುಡುಕಿ, ಆಮೇಲೆ ಡಬ್ಬಿ ಕೊಳ್ಳಿ

ಒಳಗೇ ಅಡುಗೆಗೆ, ಮಲಗಲು ಜಾಗ ಇರುವ ಆರ್‌ವಿ ಗಾಡಿ ಬಾಡಿಗೆಗೆ ಹಿಡಿದು ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್ ಅಂತ ಹೊರಡುವ ನಮ್ಮವರು ಅಮೆರಿಕದಲ್ಲಿ ಈಗ ಬೇಕಾದಷ್ಟು ಇದ್ದಾರೆ. ಸ್ವಂತದ್ದು ಕೊಂಡವರೂ ಇದ್ದಾರೆ. ಕರೆಂಟ್ ವಿಷಯ ಬಂದಾಗ ಎಲ್ಲರೂ ಕೇಳುವುದು ಒಂದೇ ಮಾತು: "ಯಾವ ಸರ್ಜ್ ಪ್ರೊಟೆಕ್ಟರ್ ಒಳ್ಳೇದು?" ಹೀಗೆ ಕೇಳಿದರೆ ಅಂಗಡಿಯವನು ಒಂದು ಸರ್ಜ್ ಪ್ರೊಟೆಕ್ಟರ್ ತೆಗೆದು ಕೈಗಿಡುತ್ತಾನೆ, ಅಷ್ಟೇ. ಸರ್ಜ್ ಅಂದರೆ ಹತ್ತಿರ ಸಿಡಿಲು ಬಿದ್ದಾಗಲೋ, ಲೈನಿನಲ್ಲಿ ಏನೋ ಆದಾಗಲೋ ಕ್ಷಣಮಾತ್ರ ನುಗ್ಗಿ ಬರುವ ಭಾರಿ ವೋಲ್ಟೇಜ್. ಈ ಗಾಡಿಗಳು ತಂಗುವ ಪಾರ್ಕುಗಳಲ್ಲಿ ದಿನಾ ಕಾಟ ಕೊಡುವುದು ಅದಲ್ಲ. ವೋಲ್ಟೇಜ್ ಇಳಿಯುವುದು, ಸುಟ್ಟ ಸಾಕೆಟ್, ಅರ್ಥಿಂಗ್ ಇಲ್ಲದಿರುವುದು, ಸಡಿಲವಾದ ನ್ಯೂಟ್ರಲ್, ಅದಲು ಬದಲಾದ ತಂತಿ. ಇವುಗಳಲ್ಲಿ ಒಂದನ್ನೂ ಬರೀ ಸರ್ಜ್ ಪ್ರೊಟೆಕ್ಟರ್ ತಡೆಯುವುದಿಲ್ಲ.

ಹಾಗಾಗಿ ಇಲ್ಲಿ ದೋಷದಿಂದ ಶುರು ಮಾಡುತ್ತೇನೆ. ಗಾಡಿ ಕಾಯಲು ಯಾವ ಡಬ್ಬಿ ಬೇಕು ಅನ್ನುವುದು ಆಮೇಲೆ ತಾನಾಗಿಯೇ ಗೊತ್ತಾಗುತ್ತದೆ.

ಪೆಡೆಸ್ಟಲ್ ಒಳಗೆ ಏನಿರುತ್ತದೆ

ಪಾರ್ಕಿನಲ್ಲಿ ನಿಮ್ಮ ಗಾಡಿ ನಿಲ್ಲುವ ಸೈಟಿನ ಪಕ್ಕ ಸೊಂಟದೆತ್ತರಕ್ಕೆ ನಿಂತಿರುವ, ಕರೆಂಟ್ ಕೊಡುವ ಕಬ್ಬಿಣದ ಪೆಟ್ಟಿಗೆಯೇ ಪೆಡೆಸ್ಟಲ್. ಮುಚ್ಚಳ ಎತ್ತಿದರೆ ಸಾಮಾನ್ಯವಾಗಿ ಮೂರು ಸಾಕೆಟ್, ಮೂರು ಬ್ರೇಕರ್: 20, 30, 50 ಆಂಪ್. ಹಳೆಯ ಪಾರ್ಕಾದರೆ 50ರದ್ದು ಇಲ್ಲದಿರಬಹುದು.

30 ಆಂಪ್ ಸಾಕೆಟ್ಟಿಗೆ ಮೂರು ತೂತು: ಫೇಸ್, ನ್ಯೂಟ್ರಲ್, ಅರ್ಥಿಂಗ್. 120 ವೋಲ್ಟ್, ಒಟ್ಟು 3,600 ವಾಟ್. ಇದಕ್ಕೆ ಟಿಟಿ-30 ಅನ್ನುತ್ತಾರೆ. 50 ಆಂಪ್‌ಗೆ ನಾಲ್ಕು ತೂತು: ಎರಡು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥಿಂಗ್. ಒಂದೊಂದು ಫೇಸ್‌ನಲ್ಲೂ 50 ಆಂಪ್ ಸಿಗುವುದರಿಂದ ಒಟ್ಟು 12,000 ವಾಟ್. 30ಕ್ಕೂ 50ಕ್ಕೂ ವ್ಯತ್ಯಾಸ ಇಪ್ಪತ್ತೇ ಆಂಪ್ ಅಂದುಕೊಂಡವರು ಈ ಲೆಕ್ಕ ಒಮ್ಮೆ ನೋಡಿ, ಮೂರು ಪಟ್ಟಿಗಿಂತ ಜಾಸ್ತಿ ಆಯ್ತು. ಆ ಎರಡು ಫೇಸ್‌ಗಳ ನಡುವೆ ಅಳೆದರೆ 240 ವೋಲ್ಟ್ ಬರಬೇಕು. ಇದು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಒಂದು ಮುಖ್ಯ ವಿಷಯ. ಆರ್‌ವಿ ಒಳಗೆ ನ್ಯೂಟ್ರಲ್ ಮತ್ತು ಅರ್ಥಿಂಗ್ ಎಲ್ಲೂ ಸೇರಿರಬಾರದು. ಅವೆರಡೂ ಸೇರುವುದು ಪಾರ್ಕಿನ ಮುಖ್ಯ ಸರ್ವಿಸ್ ಪ್ಯಾನೆಲ್‌ನಲ್ಲಿ ಮಾತ್ರ. ಗಾಡಿಯ ಬಾಡಿ, ಚಾಸಿ ಎಲ್ಲ ಅರ್ಥಿಂಗ್ ತಂತಿಗೆ ಸೇರಿರುತ್ತದೆ. ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಅಂದರೆ ಇಡೀ ಗಾಡಿಗೆ ಅರ್ಥಿಂಗ್ ಅಂತ ನೆಚ್ಚಿಕೊಳ್ಳಬಹುದಾದದ್ದು ಆ ಕೇಬಲ್ಲಿನ ಒಂದು ಹಸಿರು ತಂತಿ, ಅಷ್ಟೇ.

ಪ್ಲಗ್ ಹಾಕುವ ಮೊದಲು

ಬ್ರೇಕರ್ ಆಫ್ ಇದೆಯಾ ನೋಡಿ. ಹಿಂದಿನವರು ಆನ್ ಬಿಟ್ಟು ಹೋಗಿರುವುದೇ ಜಾಸ್ತಿ. ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಸಾಕೆಟ್ ಒಳಗೆ ಬಗ್ಗಿ ನೋಡಿ. ತೂತಿನ ಅಂಚು ಕಂದು ಬಣ್ಣಕ್ಕೆ ತಿರುಗಿದೆಯಾ? ಪ್ಲಾಸ್ಟಿಕ್ ಕರಗಿ ಉಬ್ಬಿದೆಯಾ? ಸುಟ್ಟ ವಾಸನೆ ಇದೆಯಾ? ಪ್ಲಗ್ ಒತ್ತಿದಾಗ ಬಿಗಿಯಾಗಿ ಕೂರಬೇಕು. ಸುಮ್ನೆ ಜಾರಿ ಒಳಗೆ ಹೋಗಿ, ಕೈ ಬಿಟ್ಟ ತಕ್ಷಣ ಕೆಳಗೆ ವಾಲಿದರೆ ಆ ಸಾಕೆಟ್ಟಿನ ಒಳಗಿನ ಹಿಡಿತ ಸತ್ತಿದೆ.

ನಿಮ್ಮ ಪ್ಲಗ್ಗಿನ ಪಿನ್ನುಗಳನ್ನೂ ನೋಡಿ. ಕಪ್ಪಾದ, ಗುಳಿ ಬಿದ್ದ ಪಿನ್ ಒಳ್ಳೆಯ ಸಾಕೆಟ್ಟನ್ನೂ ಹಾಳು ಮಾಡುತ್ತದೆ. ಬಾಡಿಗೆ ಗಾಡಿ ತೆಗೆದುಕೊಳ್ಳುವಾಗ ಸ್ಕ್ರಾಚ್‌ಗಳ ಫೋಟೊ ಹೊಡೆಯುತ್ತೀರಲ್ಲ, ಆಗಲೇ ಈ ಪ್ಲಗ್ಗಿನದ್ದೂ ಒಂದು ಹೊಡೆದುಕೊಳ್ಳಿ.

ಮಲ್ಟಿಮೀಟರ್ ಬಳಸಿ ಅಭ್ಯಾಸ ಇರುವವರು ಪ್ಲಗ್ ತೆಗೆದು, ಬ್ರೇಕರ್ ಎತ್ತಿ ಅಳೆದು ನೋಡಬಹುದು. 30 ಆಂಪ್ ಸಾಕೆಟ್ಟಿನಲ್ಲಿ ಫೇಸ್–ನ್ಯೂಟ್ರಲ್ ನಡುವೆ 114ರಿಂದ 126 ವೋಲ್ಟ್ ಇರಬೇಕು. ಫೇಸ್–ಅರ್ಥಿಂಗ್ ನಡುವೆಯೂ ಅಷ್ಟೇ. ನ್ಯೂಟ್ರಲ್–ಅರ್ಥಿಂಗ್ ನಡುವೆ ಸೊನ್ನೆಯ ಹತ್ತಿರ. ಫೇಸ್–ನ್ಯೂಟ್ರಲ್ ಸರಿ ಇದ್ದು, ಫೇಸ್–ಅರ್ಥಿಂಗ್ ಏನೂ ತೋರಿಸದಿದ್ದರೆ ಅಥವಾ ಎಲ್ಲೋ ಮಧ್ಯದ ಒಂದು ಸಂಖ್ಯೆ ತೋರಿಸಿದರೆ ಅರ್ಥಿಂಗ್ ಇಲ್ಲ ಅಂತ. ನ್ಯೂಟ್ರಲ್–ಅರ್ಥಿಂಗ್ ನಡುವೆ 120 ಬಂದು, ಫೇಸ್–ಅರ್ಥಿಂಗ್ ಸೊನ್ನೆ ಬಂದರೆ ಫೇಸ್, ನ್ಯೂಟ್ರಲ್ ಅದಲು ಬದಲಾಗಿವೆ.

30 ಆಂಪ್ ಸಾಕೆಟ್ಟಿನಲ್ಲಿ 240 ಬಂತು ಅಂದರೆ ಅಲ್ಲಿ ಯಾವ ಪ್ರಯೋಗವೂ ಬೇಡ, ಬ್ರೇಕರ್ ಇಳಿಸಿ ಆಫೀಸಿಗೆ ಹೇಳಿ. ಮೂರು ತೂತಿನ ಟಿಟಿ-30 ನೋಡಲು ಬಟ್ಟೆ ಒಣಗಿಸುವ ಡ್ರೈಯರ್‌ನ ಹಳೇ ಸಾಕೆಟ್ ಥರಾನೇ ಇರುತ್ತದೆ. ಡ್ರೈಯರ್‌ಗೆ 240 ಕೊಟ್ಟು ರೂಢಿಯಾದ ಎಲೆಕ್ಟ್ರಿಷಿಯನ್ ಇದಕ್ಕೂ ಹಾಗೇ ವೈರಿಂಗ್ ಮಾಡಿಬಿಡುತ್ತಾನೆ. ಈ ತಪ್ಪು ಪಾರ್ಕುಗಳಿಗಿಂತ ಮನೆಗಳ ಗ್ಯಾರೇಜಿನಲ್ಲಿ ಜಾಸ್ತಿ. ಪ್ಲಗ್ ಹಾಕಿದ ಕೂಡಲೇ ಮೈಕ್ರೋವೇವ್, ಟಿವಿ, ಕನ್ವರ್ಟರ್ ಎಲ್ಲ ಒಟ್ಟಿಗೆ ಹೋಗುತ್ತವೆ.

ಮೀಟರ್ ಹಿಡಿಯುವ ಧೈರ್ಯ ಇಲ್ಲದವರು ಹಿಡಿಯಲೇಬೇಕಂತಿಲ್ಲ. ಪೋರ್ಟಬಲ್ ಇಎಂಎಸ್ (ವೋಲ್ಟೇಜ್, ವೈರಿಂಗ್ ನೋಡಿ, ಸರಿಯಿಲ್ಲದಿದ್ದರೆ ಕರೆಂಟ್ ಕಡಿಯುವ ಡಬ್ಬಿ) ಇದ್ದರೆ ಗಾಡಿಯ ಕೇಬಲ್ ಜೋಡಿಸದೆ ಅದೊಂದನ್ನೇ ಪೆಡೆಸ್ಟಲ್‌ಗೆ ಹಾಕಿ, ಬ್ರೇಕರ್ ಎತ್ತಿ. ಅದು ಈ ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ. ಸರಿ ಅಂದರೆ ಮತ್ತೆ ಬ್ರೇಕರ್ ಇಳಿಸಿ, ಕೇಬಲ್ ಜೋಡಿಸಿ, ಬ್ರೇಕರ್ ಎತ್ತಿ.

ಎಸಿ ನಿಂತು ನಿಂತು ಬರುತ್ತಿದೆ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವ ತಕರಾರು ಇದು. ಅರಿಜೋನಾದ ಒಂದು ಪಾರ್ಕಿನಲ್ಲಿ ಜುಲೈ ತಿಂಗಳ ಮಧ್ಯಾಹ್ನ ಪರಿಚಯದವರೊಬ್ಬರ ಗಾಡಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಲೋಡ್ ಇಲ್ಲದಾಗ ಇಎಂಎಸ್ ತೋರಿಸುತ್ತಿದ್ದದ್ದು 119 ವೋಲ್ಟ್. ಎಸಿ ಹಾಕಿದರೆ 113. ಕಾಫಿಗೆ ಅಂತ ಎಲೆಕ್ಟ್ರಿಕ್ ಕೆಟಲ್ ಹಾಕಿದರೆ 108. ಅಲ್ಲಿಗೆ ನಿಲ್ಲಲಿಲ್ಲ, ನೋಡ್ತಾ ನೋಡ್ತಾ 106, 105, 103, ಟಕ್ ಅಂತ ಎಲ್ಲ ಆಫ್. ಎರಡು ನಿಮಿಷ ಚಿಲ್ಲರೆ ಕಳೆದು ಮತ್ತೆ ಬಂತು. ಮತ್ತೆ ಅದೇ ಕಥೆ.

"ಈ ಡಬ್ಬಿನೇ ಕೆಟ್ಟಿರಬೇಕು ಗುರೂ, ತೆಗೆದು ನೇರ ಹಾಕಿಬಿಡೋಣ" ಅಂದರು ಅವರು. ಸುಮಾರು ಜನರಿಗೆ ಮೊದಲು ಹೊಳೆಯುವುದೇ ಇದು. ಮೊದಲು ಮಾಡಬಾರದ್ದೂ ಇದೇ. ಡಬ್ಬಿ ಕೆಟ್ಟಿರಲಿಲ್ಲ. 104ಕ್ಕಿಂತ ಇಳಿದರೆ ಕಡಿದು ಹಾಕು ಅಂತ ಅದಕ್ಕೆ ಹೇಳಿಟ್ಟಿದೆ, ಕಡಿದು ಹಾಕಿದೆ. ನಡುವಿನ ಆ ಎರಡು ನಿಮಿಷವೂ ದೋಷವಲ್ಲ. ನಿಂತ ಎಸಿ ಕಂಪ್ರೆಸರ್‌ನಲ್ಲಿ ಒತ್ತಡ ಇಳಿಯಲಿ ಅಂತ ಬೇಕೆಂದೇ ಇಟ್ಟ ಗಡುವು.

ಲೋ ವೋಲ್ಟೇಜ್‌ನಲ್ಲಿ ಬಲ್ಬ್ ಮಂಕಾಗಿ ಉರಿಯುತ್ತದೆ, ಹೀಟರ್ ನಿಧಾನ ಕಾಯುತ್ತದೆ, ಅವಕ್ಕೇನೂ ನಷ್ಟ ಇಲ್ಲ. ಮೋಟಾರ್ ಹಾಗಲ್ಲ. ವೋಲ್ಟೇಜ್ ಇಳಿದಷ್ಟೂ ಅದು ಆಂಪ್ ಜಾಸ್ತಿ ಎಳೆಯುತ್ತದೆ, ಬಿಸಿಯಾಗುತ್ತದೆ. ಊರಲ್ಲಿ ಲೋ ವೋಲ್ಟೇಜ್‌ಗೆ ಪಂಪ್‌ಸೆಟ್ ಕಾಯಿಲ್ ಸುಟ್ಟಿದ್ದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಟ್ಟದ್ದೇನೆಂದರೆ ಎಸಿ ಅವತ್ತೇ ಸುಡುವುದಿಲ್ಲ. ಮುಂದಿನ ತಿಂಗಳು, ಇನ್ನೆಲ್ಲೋ ಒಳ್ಳೆಯ ಕರೆಂಟ್ ಇರುವ ಕಡೆ ಕೈಕೊಡುತ್ತದೆ.

ಈಗ ದೋಷ ಎಲ್ಲಿದೆ ಅಂತ ಹುಡುಕಬೇಕು. ವೋಲ್ಟೇಜ್ ಬೀಳಬಹುದಾದ ಜಾಗ ಮೂರು: ಪಾರ್ಕಿನ ಲೈನ್, ಸಾಕೆಟ್ಟಿನ ಕಾಂಟ್ಯಾಕ್ಟ್, ನಮ್ಮ ಕೇಬಲ್. ಕೇಬಲ್ಲಿನ ಲೆಕ್ಕ ಸುಲಭ. 10 ಗೇಜಿನ 25 ಅಡಿ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ 50 ಅಡಿ, ಸುಮಾರು 0.05 ಓಮ್. 25 ಆಂಪ್ ಹರಿದರೆ ಬೀಳುವುದು ಒಂದೂಕಾಲು ವೋಲ್ಟ್. ಇಲ್ಲಿ ಹದಿನಾರು ಬಿದ್ದಿದೆ. ಅದರಲ್ಲೂ ಪೋರ್ಟಬಲ್ ಇಎಂಎಸ್ ಪೆಡೆಸ್ಟಲ್‌ನಲ್ಲೇ ಕೂತಿರುವುದರಿಂದ ಕೇಬಲ್ಲಿಗಿಂತ ಮುಂಚೆಯೇ ಅಳೆಯುತ್ತಿದೆ. ಕೇಬಲ್ ಪಾಪ, ಅದರದ್ದೇನೂ ತಪ್ಪಿಲ್ಲ.

ಉಳಿದದ್ದು ಲೈನ್ ಮತ್ತು ಸಾಕೆಟ್. ಇದರಲ್ಲಿ ಸುಳಿವು ಕೊಟ್ಟಿದ್ದು ವೋಲ್ಟೇಜ್ ಇಳಿದ ರೀತಿ. ಲೈನ್ ಮಾತ್ರ ಸೋತಿದ್ದರೆ ಲೋಡ್ ಹಾಕಿದಾಗ ಒಮ್ಮೆ ಇಳಿದು ಅಲ್ಲೇ ಹೆಚ್ಚು ಕಡಿಮೆ ನಿಲ್ಲುತ್ತದೆ. ಲೋಡ್ ಬದಲಾಗದಿದ್ದರೂ ನಿಮಿಷ ನಿಮಿಷಕ್ಕೂ ಜಾರುತ್ತಾ ಹೋದರೆ ಎಲ್ಲೋ ಒಂದು ಕಾಂಟ್ಯಾಕ್ಟ್ ಬಿಸಿಯಾಗುತ್ತಿದೆ ಅಂತ ಲೆಕ್ಕ. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಏರಿದಷ್ಟೂ ಇನ್ನೂ ಬಿಸಿ. ಕಾಂಟ್ಯಾಕ್ಟ್‌ನಲ್ಲಿ ಬರೀ 0.1 ಓಮ್ ಇದ್ದರೂ 25 ಆಂಪ್‌ಗೆ 62 ವಾಟ್ ಶಾಖ ಹುಟ್ಟುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ ಒಂದು ಸೋಲ್ಡರಿಂಗ್ ಐರನ್ ಇಟ್ಟ ಹಾಗೆ.

ಬ್ರೇಕರ್ ಇಳಿಸಿ ಪ್ಲಗ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಒಂದು ಪಿನ್ನಿನ ಹಿತ್ತಾಳೆ ನೀಲಿ-ಕಂದು ಬಣ್ಣಕ್ಕೆ ತಿರುಗಿತ್ತು. ಮುಂದಿನ ಪರೀಕ್ಷೆ: ಅದೇ ಪೆಡೆಸ್ಟಲ್‌ನ 50 ಆಂಪ್ ಸಾಕೆಟ್ಟಿಗೆ, 50ರಿಂದ 30ಕ್ಕೆ ಇಳಿಸುವ ಡಾಗ್‌ಬೋನ್ ಅಡಾಪ್ಟರ್ ಹಾಕಿ ಜೋಡಿಸಿದ್ದು. ಅದೇ ಎಸಿ, ಅದೇ ಕೆಟಲ್, ಈಗ 110. ಅಲ್ಲೇ ನಿಂತಿತು. ಅಂದರೆ ಪಾರ್ಕಿನ ಲೈನೂ ಸ್ವಲ್ಪ ಬಡಕಲು, 30ರ ಸಾಕೆಟ್ಟೂ ಸವೆದಿದೆ. ಎರಡೂ ಸೇರಿ ಆಟ ಆಡಿಸಿವೆ.

ಈ ಡಾಗ್‌ಬೋನ್ ಉಪಾಯ ನೆನಪಿಡುವಂಥದ್ದು. ಪಾರ್ಕಿಗೆ ಬರುವ ಗಾಡಿಗಳಲ್ಲಿ 30 ಆಂಪ್‌ನವು ತುಂಬಾ, ಹಾಗಾಗಿ ಆ ಸಾಕೆಟ್ ಬೇಗ ಸವೆಯುತ್ತದೆ. ಪಕ್ಕದ 50ರದ್ದು ಎಷ್ಟೋ ಸಲ ಹೊಸದರಂತೆ ಇರುತ್ತದೆ. ಗಾಡಿಯ ಒಳಗಿನ 30 ಆಂಪ್ ಮುಖ್ಯ ಬ್ರೇಕರ್ ತನ್ನ ಕೆಲಸ ಮಾಡುತ್ತಲೇ ಇರುವುದರಿಂದ ಗಾಡಿ ಜಾಸ್ತಿ ಎಳೆಯುತ್ತದೆ ಅನ್ನುವ ಭಯವಿಲ್ಲ. ಕೇಬಲ್ ಮಾತ್ರ ಈಗ 50ರ ಬ್ರೇಕರ್‌ನ ಕಾವಲಿನಲ್ಲಿರುತ್ತದೆ. ಆದ್ದರಿಂದ ಸಿಪ್ಪೆ ಹರಿದ ಕೇಬಲ್ಲಿಗೆ ಈ ಉಪಾಯ ಬೇಡ.

ಲೋಡ್ ಇಲ್ಲದೆಯೇ ಮಧ್ಯಾಹ್ನ 109, 110 ಇದ್ದು, ರಾತ್ರಿ ಹನ್ನೊಂದಕ್ಕೆ 120 ಬಂದರೆ ಅದು ಪಾರ್ಕಿನ ಲೈನಿನ ಕಥೆ. ಜುಲೈ 4ರ ವಾರ, ಲೇಬರ್ ಡೇ ವಾರಾಂತ್ಯ ಎಲ್ಲ ಸೈಟುಗಳೂ ತುಂಬಿ ಎಲ್ಲರ ಎಸಿಯೂ ಓಡುವಾಗ ಇದು ಸಾಮಾನ್ಯ. ಟ್ರಾನ್ಸ್‌ಫಾರ್ಮರ್‌ಗೆ ಹತ್ತಿರದ ಸೈಟ್ ಕೇಳಿ ನೋಡಿ. ಕೊಡದಿದ್ದರೆ ಮಧ್ಯಾಹ್ನ ಎಸಿ ಬಿಟ್ಟು ಬೇರೇನೂ ಹಾಕಬೇಡಿ. ಊರಿನ ಅಭ್ಯಾಸಕ್ಕೆ ನಮ್ಮವರು "ಸ್ಟೆಬಿಲೈಜರ್ ಇಲ್ವಾ?" ಅಂತ ಕೇಳುತ್ತಾರೆ. ಇದೆ, ಆಟೋಫಾರ್ಮರ್ ಅಂತ. ವೋಲ್ಟೇಜ್ ಎತ್ತಿ ಕೊಡುತ್ತದೆ, ಆದರೆ ಅಷ್ಟಕ್ಕೆ ಲೈನಿನಿಂದ ಆಂಪ್ ಜಾಸ್ತಿ ಎಳೆಯುತ್ತದೆ. ಭಾರ, ದುಬಾರಿ ಬೇರೆ. ಬಾಡಿಗೆ ಗಾಡಿಯವರಿಗೆ ನಾನಂತೂ ಹೇಳುವುದಿಲ್ಲ.

ಬ್ರೇಕರ್ ಪದೇ ಪದೇ ಬೀಳುತ್ತಿದೆ

ಹತ್ತರಲ್ಲಿ ಒಂಬತ್ತು ಸಲ ಇದು ಬರೀ ಲೋಡ್ ಲೆಕ್ಕ. 13,500 ಬಿಟಿಯು ಎಸಿ 12–13 ಆಂಪ್. ವಾಟರ್ ಹೀಟರ್ ಕರೆಂಟ್‌ನಲ್ಲಿದ್ದರೆ 12. ಮೈಕ್ರೋವೇವ್ ಇನ್ನೊಂದು 12–13. ಅಲ್ಲಿಗೇ 30 ದಾಟಿತು. ಅದರ ಮೇಲೆ ದೋಸೆಗೆ ಅಂತ 1,800 ವಾಟ್ ಇಂಡಕ್ಷನ್ ಒಲೆ ಹಚ್ಚಿದರೆ ಅದೊಂದೇ 15. ಗಂಟೆಗಟ್ಟಲೆ ಓಡುವ ಲೋಡ್ ಆದರೆ 30ರ ಬ್ರೇಕರ್‌ನಿಂದ 24ಕ್ಕಿಂತ ಜಾಸ್ತಿ ಎಳೆಯಬಾರದು.

ಅಡುಗೆ ಹೊತ್ತಿಗೆ ವಾಟರ್ ಹೀಟರ್, ಫ್ರಿಜ್ ಎರಡನ್ನೂ ಗ್ಯಾಸಿಗೆ ತಿರುಗಿಸಿ. ಬಾಡಿಗೆ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ಸ್ವಿಚ್ ಇರುತ್ತದೆ, ಯಾರೂ ಮುಟ್ಟುವುದಿಲ್ಲ.

ಇಎಂಎಸ್ 18, 20 ಆಂಪ್ ತೋರಿಸುತ್ತಿದ್ದರೂ ಬ್ರೇಕರ್ ಬಿದ್ದರೆ ಮಾತು ಬೇರೆ. ಬಂದವರು ಹೋದವರೆಲ್ಲ ಅದನ್ನು ಸ್ವಿಚ್ಚಿನಂತೆ ಎತ್ತಿ ಇಳಿಸಿ ಬ್ರೇಕರ್ ಸೋತಿರುತ್ತದೆ. ಬಿಸಿಲಿಗೆ ಕಾದ ಪೆಟ್ಟಿಗೆಯಲ್ಲಿ ಇನ್ನೂ ಬೇಗ ಬೀಳುತ್ತದೆ. ಅದನ್ನು ಬದಲಿಸಬೇಕಾದವರು ಪಾರ್ಕಿನವರು, ನಾವಲ್ಲ.

ಬಾಗಿಲ ಹಿಡಿ ಮುಟ್ಟಿದರೆ ಜುಮ್ ಅನ್ನುತ್ತದೆ

ಇದನ್ನು ಯಾವತ್ತೂ ತಮಾಷೆಗೆ ತೆಗೆದುಕೊಳ್ಳಬೇಡಿ. ಊರಲ್ಲಿ ಗೀಸರ್, ಗ್ರೈಂಡರ್ ಸ್ವಲ್ಪ ಜುಮ್ ಅಂದರೆ ಚಪ್ಪಲಿ ಹಾಕ್ಕೊಂಡು ಮುಟ್ಟಿ ಅಂತ ಹೇಳಿ ಸುಮ್ಮನಾಗುವ ಕೆಟ್ಟ ಅಭ್ಯಾಸ ನಮಗಿದೆ, ಅಲ್ವಾ? ಇಲ್ಲಿ ಇಡೀ ಗಾಡಿಯ ಲೋಹದ ಮೈಗೆ ಕರೆಂಟ್ ಬಂದಿದೆ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಮಗು ಬಾಗಿಲು ಹಿಡಿದರೆ ಪ್ರಾಣಕ್ಕೇ ಕುತ್ತು.

ಕಾರಣ ಸಾಮಾನ್ಯವಾಗಿ ಎರಡು ಸೇರಿರುತ್ತವೆ. ಒಂದು, ಪೆಡೆಸ್ಟಲ್‌ನಲ್ಲೋ ಕೇಬಲ್ಲಿನಲ್ಲೋ ಅಡಾಪ್ಟರ್‌ನಲ್ಲೋ ಅರ್ಥಿಂಗ್ ಕಡಿದಿದೆ. ಎರಡು, ಗಾಡಿಯೊಳಗೆ ಎಲ್ಲೋ ಸ್ವಲ್ಪ ಕರೆಂಟ್ ಲೀಕ್ ಇದೆ; ಬಿರುಕು ಬಿಟ್ಟ ವಾಟರ್ ಹೀಟರ್ ಎಲಿಮೆಂಟ್ ಹಳೇ ಅಪರಾಧಿ. ಅರ್ಥಿಂಗ್ ಗಟ್ಟಿ ಇದ್ದಿದ್ದರೆ ಆ ಲೀಕ್ ನಿಮ್ಮನ್ನು ಮುಟ್ಟುತ್ತಿರಲಿಲ್ಲ.

ಹೊರಗಿರುವ ಎಲ್ಲರನ್ನೂ ಗಾಡಿಯಿಂದ ದೂರ ಇರಿಸಿ. ಒಳಗಿದ್ದವರು ಒಳಗೇ ಇರಲಿ, ಒಂದು ಕಾಲು ನೆಲದಲ್ಲಿ ಒಂದು ಕೈ ಬಾಗಿಲಲ್ಲಿ ಇಡುವುದೇ ಅಪಾಯ. ಒಣಗಿದ ಚಪ್ಪಲಿ ಹಾಕಿಕೊಂಡು ಹೋಗಿ ಪೆಡೆಸ್ಟಲ್ ಬ್ರೇಕರ್ ಇಳಿಸಿ, ಆಮೇಲೆ ಪ್ಲಗ್ಗನ್ನೂ ಕಿತ್ತುಬಿಡಿ. ಬರೀ ಬ್ರೇಕರ್ ಇಳಿಸಿದರೆ ಸಾಲದು. ಇಎಂಎಸ್ ಕೂಡ ಫೇಸನ್ನು ಕಡಿಯುತ್ತದೆಯೇ ಹೊರತು ಅರ್ಥಿಂಗ್ ತಂತಿಯನ್ನು ಕಡಿಯುವುದಿಲ್ಲ. ಪೆಡೆಸ್ಟಲ್‌ನ ಅರ್ಥಿಂಗ್‌ನಲ್ಲೇ ಕರೆಂಟ್ ಇದ್ದರೆ ಎಲ್ಲ ಆಫ್ ಇದ್ದಂತೆ ಕಂಡರೂ ಗಾಡಿ ಮೈಯಲ್ಲಿ ಹರಿಯುತ್ತಲೇ ಇರುತ್ತದೆ.

ಪರೀಕ್ಷೆಗೆ ಪೆನ್ನಿನಂತಿರುವ ನಾನ್-ಕಾಂಟ್ಯಾಕ್ಟ್ ಟೆಸ್ಟರ್ ಒಂದು ಜೇಬಿನಲ್ಲಿರಲಿ. ಪ್ಲಗ್ ಹಾಕಿದ ಪ್ರತಿ ಸಲವೂ ಬಾಗಿಲು ಮುಟ್ಟುವ ಮೊದಲು ಗಾಡಿಯ ಲೋಹದ ಹತ್ತಿರ ಹಿಡಿಯಿರಿ. ಕೂಗಿದರೆ ಮುಟ್ಟಬೇಡಿ. ಮನೆಯಲ್ಲಿರುವ ನಿಯಾನ್ ಬಲ್ಬಿನ ಸ್ಕ್ರೂಡ್ರೈವರ್ ಟೆಸ್ಟರ್ ಈ ಕೆಲಸಕ್ಕೆ ತರಬೇಡಿ. ಅದು ನಿಮ್ಮ ಮೈಯನ್ನೇ ದಾರಿ ಮಾಡಿಕೊಂಡು ಉರಿಯುವಂಥದ್ದು.

ಅರ್ಧ ಗಾಡಿ ಪ್ರಕಾಶಮಾನ, ಅರ್ಧ ಗಾಡಿ ಮಂಕು

50 ಆಂಪ್ ಗಾಡಿಗೆ ಮಾತ್ರ ಬರುವ ರೋಗ. ಎಸಿ ಎಳೆಯುತ್ತಿಲ್ಲ, ಆದರೆ ಟಿವಿ ಸುಟ್ಟು ವಾಸನೆ ಬಂತು. ಮೈಕ್ರೋವೇವ್‌ನ ಗಡಿಯಾರ ಒಮ್ಮೆ ಜೋರಾಗಿ ಬೆಳಗಿ ಆರಿತು. ಇಂಥದ್ದು ಕಂಡರೆ ನ್ಯೂಟ್ರಲ್ ಕಡಿದಿದೆ ಅಂತಲೇ ಇಟ್ಟುಕೊಂಡು ತಕ್ಷಣ ಬ್ರೇಕರ್ ಇಳಿಸಿ. ಯೋಚನೆ ಆಮೇಲೆ.

ನ್ಯೂಟ್ರಲ್ ಇದ್ದಾಗ ಎರಡು ಫೇಸ್‌ಗಳೂ ತಮ್ಮ ಪಾಡಿಗೆ 120ರಲ್ಲಿ ಇರುತ್ತವೆ. ನ್ಯೂಟ್ರಲ್ ಹೋದರೆ ಎರಡೂ ಕಡೆಯ ಲೋಡ್‌ಗಳು ಒಂದರ ಹಿಂದೆ ಒಂದು ಸೇರಿಕೊಂಡು 240ನ್ನು ಹಂಚಿಕೊಳ್ಳುತ್ತವೆ, ಅದೂ ಸಮನಾಗಿ ಅಲ್ಲ. ಒಂದು ಕಡೆ 1,500 ವಾಟ್ ಹೀಟರ್, ಇನ್ನೊಂದು ಕಡೆ ಎಲ್ಲ ಸೇರಿ 150 ವಾಟ್ ಇದೆ ಅನ್ನಿ. ಹೀಟರ್ 9.6 ಓಮ್, ಆಚೆಯದ್ದು 96 ಓಮ್. ಲೆಕ್ಕ ಹಾಕಿದರೆ ಹೀಟರ್‌ಗೆ ಸಿಗುವುದು ಬರೀ 22 ವೋಲ್ಟ್. ಆಚೆ ಕಡೆಯ ಟಿವಿ, ಚಾರ್ಜರ್‌ಗಳ ಮೇಲೆ 218. ಬಡಪಾಯಿ ಸಣ್ಣ ಸಾಮಾನುಗಳೇ ಸುಡುವುದು.

ಇಲ್ಲಿ ಬರೀ ಸರ್ಜ್ ಪ್ರೊಟೆಕ್ಟರ್ ಇದ್ದವರಿಗೆ ಏನೂ ಉಪಯೋಗವಿಲ್ಲ. ಅದು ಕಾಯುವುದು ಕ್ಷಣಮಾತ್ರದ ಭಾರಿ ಏಟಿಗೆ. ನಿಂತು ನಿಲ್ಲುವ 218 ಅದಕ್ಕೆ ಲೆಕ್ಕಕ್ಕಿಲ್ಲ, ಅಥವಾ ಅದೂ ಜೊತೆಗೆ ಸುಡುತ್ತದೆ. 132 ದಾಟಿದ ಕೂಡಲೇ ಕಡಿದು ಹಾಕುವ ಡಬ್ಬಿ ಬೇಕು.

ಇದರ ತಮ್ಮ ಒಂದಿದೆ. ಎರಡೂ ಫೇಸ್‌ಗಳಲ್ಲಿ 120 ಸರಿಯಾಗಿ ಬರುತ್ತದೆ, ಆದರೆ ಅವುಗಳ ನಡುವೆ 240ರ ಬದಲು ಸೊನ್ನೆ. ಅಂದರೆ ಒಂದೇ ಫೇಸನ್ನು ಎರಡು ಕಡೆಗೂ ಕೊಟ್ಟಿದ್ದಾರೆ. ಸರಿಯಾದ ವೈರಿಂಗ್‌ನಲ್ಲಿ ಎರಡೂ ಕಡೆಯ ಕರೆಂಟ್ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯುತ್ತವೆ. ಇಲ್ಲಿ ಕೂಡುತ್ತವೆ. 50ರ ನ್ಯೂಟ್ರಲ್ ಮೇಲೆ 100 ಆಂಪ್‌ವರೆಗೂ ಬೀಳಬಹುದು, ನ್ಯೂಟ್ರಲ್‌ಗೆ ಬ್ರೇಕರ್ ಬೇರೆ ಇಲ್ಲ.

ಈಗ ಡಬ್ಬಿ

ಮೇಲಿನದ್ದೆಲ್ಲ ಓದಿದವರಿಗೆ ಉತ್ತರ ಆಗಲೇ ಸಿಕ್ಕಿರಬೇಕು. ಮಾರುಕಟ್ಟೆಯಲ್ಲಿ ಎರಡು ಜಾತಿ. ಒಂದು ಬರೀ ಸರ್ಜ್ ಪ್ರೊಟೆಕ್ಟರ್: ತಪ್ಪು ವೈರಿಂಗ್ ಇದ್ದರೆ ದೀಪದಲ್ಲಿ ತೋರಿಸುತ್ತದೆ, ಆದರೆ ಕರೆಂಟ್ ಬಿಡುತ್ತಲೇ ಇರುತ್ತದೆ. ಇನ್ನೊಂದು ಇಎಂಎಸ್: ಸರ್ಜ್ ಜೊತೆಗೆ ಲೋ, ಹೈ ವೋಲ್ಟೇಜ್, ಅರ್ಥಿಂಗ್, ಪೋಲಾರಿಟಿ (ಫೇಸ್, ನ್ಯೂಟ್ರಲ್ ತಮ್ಮ ಜಾಗದಲ್ಲಿವೆಯಾ) ನೋಡುತ್ತದೆ, ಸರಿಯಿಲ್ಲದಿದ್ದರೆ ಕರೆಂಟ್ ಬಿಡುವುದೇ ಇಲ್ಲ. ಎರಡನೆಯದ್ದಕ್ಕೆ ಬೆಲೆ ಎರಡು ಮೂರು ಪಟ್ಟು. ಒಂದು ಎಸಿ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಕೊಳ್ಳುವಾಗ ಮೋಸ ಹೋಗುವ ಒಂದು ಜಾಗ ಇದೆ. ಹ್ಯೂಸ್ ಕಂಪನಿಯ ಪವರ್ ವಾಚ್‌ಡಾಗ್ ಒಂದೇ ಹೆಸರಿನಲ್ಲಿ ಎರಡು ಥರ ಬರುತ್ತದೆ. ಹೆಸರಿನ ಕೊನೆಗೆ ಇಪಿಒ (ಎಮರ್ಜೆನ್ಸಿ ಪವರ್ ಆಫ್) ಅಂತ ಇದ್ದರೆ ಮಾತ್ರ ಕರೆಂಟ್ ಕಡಿಯುತ್ತದೆ. ಇಲ್ಲದ್ದು ಬರೀ ತೋರಿಸುತ್ತದೆ. ನೋಡಲು ಎರಡೂ ಒಂದೇ ಮನೆಯ ಮಕ್ಕಳು, ಬೆಲೆ ಕಡಿಮೆ ಅಂತ ಇಪಿಒ ಇಲ್ಲದ್ದನ್ನು ಕೊಂಡವರು ಬೇಕಾದಷ್ಟು ಜನ. ಪ್ರೊಗ್ರೆಸಿವ್ ಇಂಡಸ್ಟ್ರೀಸ್‌ನಲ್ಲಿ ಹೆಸರಿನಲ್ಲಿ ಇಎಂಎಸ್ ಅಂತ ಇದೆಯಾ ನೋಡಿ. ಸರ್ಜ್ ಗಾರ್ಡ್ ಅನ್ನುವ ಬ್ರ್ಯಾಂಡಿನಲ್ಲೂ ಎರಡೂ ಥರ ಇವೆ.

ಪ್ರೊಗ್ರೆಸಿವ್ ಇಎಂಎಸ್ ಇರುವವರಿಗೆ ಕೋಡ್‌ಗಳು: ಇ0 ಎಲ್ಲ ಸರಿ. ಇ1 ಪೋಲಾರಿಟಿ ಉಲ್ಟಾ. ಇ2 ಅರ್ಥಿಂಗ್ ಇಲ್ಲ. ಇ3, ಇ4 ಮೊದಲ ಲೈನಿನಲ್ಲಿ ಹೈ, ಲೋ. ಇ5, ಇ6 ಎರಡನೆಯದರಲ್ಲಿ. ಇ10 ಬಂದರೆ ಸರ್ಜ್ ಮಾಡ್ಯೂಲ್ ತನ್ನ ಜೀವ ಕೊಟ್ಟಿದೆ, ಬದಲಿಸಬೇಕು. ಪಿಇ ಅಂತ ಕಂಡರೆ ಗಾಬರಿ ಬೇಡ, ಅದು ಹಿಂದೆ ಬಂದು ಹೋದ ದೋಷದ ನೆನಪು. ರಾತ್ರಿ ಎಸಿ ಯಾಕೆ ನಿಂತಿತ್ತು ಅಂತ ಬೆಳಗ್ಗೆ ಗೊತ್ತಾಗುವುದು ಅದರಿಂದಲೇ.

ಜೂಲ್ ಸಂಖ್ಯೆ ನೋಡಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ಸರ್ಜ್ ತಡೆಯುವ ಶಕ್ತಿ ಮಾತ್ರ. ಪ್ರೊಗ್ರೆಸಿವ್‌ನ 30 ಆಂಪ್ ಪೋರ್ಟಬಲ್ ಇಎಂಎಸ್‌ನದ್ದು 1,790, ಪವರ್ ವಾಚ್‌ಡಾಗ್‌ನದ್ದು 2,400. ಎರಡೂ ಸಾಕು. ಹತ್ತಿರದಲ್ಲಿ ಸಿಡಿಲು ಬಡಿದರೆ ಯಾವ ಜೂಲೂ ಸಾಲದು. ಗುಡುಗು ದೂರದಲ್ಲಿರುವಾಗಲೇ ಬ್ರೇಕರ್ ಇಳಿಸಿ ಪ್ಲಗ್ ತೆಗೆದಿಡಿ. ನೆತ್ತಿಯ ಮೇಲೆ ಬಂದ ಮೇಲೆ ಪೆಡೆಸ್ಟಲ್ ಹತ್ತಿರ ಹೋಗಬೇಡಿ.

30ರದ್ದೋ 50ರದ್ದೋ ಅನ್ನುವುದನ್ನು ಗಾಡಿಯ ಕೇಬಲ್ ನೋಡಿ ನಿರ್ಧರಿಸಿ, ಪಾರ್ಕು ನೋಡಿ ಅಲ್ಲ. ಬಾಡಿಗೆ ಗಾಡಿಯವರಿಗೆ ಪೋರ್ಟಬಲ್ಲೇ ದಾರಿ, ಕಳ್ಳರಿಗೆ ಹೆದರಿ ಒಂದು ಬೀಗ ಹಾಕಿ. ಸ್ವಂತ ಗಾಡಿ ಇದ್ದರೆ ಒಳಗೇ ಕೂರಿಸುವ ಮಾದರಿ ಒಳ್ಳೆಯದು. ಮಳೆಯ ಚಿಂತೆ ಇಲ್ಲ, ವೋಲ್ಟೇಜ್ ಮಂಚದಿಂದಲೇ ಕಾಣುತ್ತದೆ.

ನೆಂಟರ ಮನೆ ಮುಂದೆ ನಿಲ್ಲಿಸಿದಾಗ

ಅಕ್ಕನ ಮನೆ ಡ್ರೈವ್‌ವೇಯಲ್ಲಿ ಗಾಡಿ ನಿಲ್ಲಿಸಿ ಗ್ಯಾರೇಜಿನ ಸಾಕೆಟ್ಟಿಗೆ ಹಾಕಿದಿರಿ, ಅದರಲ್ಲಿರುವ ಜಿಎಫ್‌ಸಿಐ (ಕರೆಂಟ್ ಲೀಕ್ ಆದರೆ ಕಡಿಯುವ ಸ್ವಿಚ್) ತಕ್ಷಣ ಬಿತ್ತು. ಅದು 5 ಮಿಲಿಆಂಪ್ ಲೀಕ್‌ಗೇ ಬೀಳುತ್ತದೆ. ಗಾಡಿಯ ಎಲ್ಲ ಬ್ರೇಕರ್ ಇಳಿಸಿ ಮತ್ತೆ ಹಾಕಿ. ಬೀಳದಿದ್ದರೆ ಒಂದೊಂದಾಗಿ ಎತ್ತುತ್ತಾ ಹೋಗಿ, ಯಾವುದಕ್ಕೆ ಬೀಳುತ್ತದೋ ಲೀಕ್ ಅಲ್ಲಿದೆ. ಎಲ್ಲ ಇಳಿಸಿದ್ದರೂ ಬಿದ್ದರೆ ಗಾಡಿಯಲ್ಲೆಲ್ಲೋ ನ್ಯೂಟ್ರಲ್ ಅರ್ಥಿಂಗ್‌ಗೆ ತಗುಲಿದೆ. ಬ್ರೇಕರ್ ಫೇಸನ್ನಷ್ಟೇ ಕಡಿಯುವುದರಿಂದ ಅದಕ್ಕೆ ಇದು ಕಾಣುವುದಿಲ್ಲ. ಜಿಎಫ್‌ಸಿಐ ಇಲ್ಲದ ಸಾಕೆಟ್ ಹುಡುಕಿ ಹಾಕುವುದು ಪರಿಹಾರ ಅಲ್ಲ.

ಮನೆ ಹಳೆಯದಾದರೆ ಇನ್ನೊಂದು ಅಪಾಯ. ಎರಡು ಪಿನ್ ಸಾಕೆಟ್ಟನ್ನು ಮೂರು ಪಿನ್‌ಗೆ ಬದಲಿಸುವಾಗ ಅರ್ಥಿಂಗ್ ಇಲ್ಲದ್ದಕ್ಕೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ತಂತಿ ಎಳೆದಿರುತ್ತಾರೆ. ಫೇಸ್, ನ್ಯೂಟ್ರಲ್ ಕೂಡ ಅದಲು ಬದಲಾಗಿದ್ದರೆ ಗಾಡಿ ಮೈಗೆ ನೇರ 120 ವೋಲ್ಟ್. ಮೂರು ದೀಪದ ಅಗ್ಗದ ಟೆಸ್ಟರ್ ಇದನ್ನು "ಸರಿ" ಅಂತಲೇ ತೋರಿಸುತ್ತದೆ. ಹಿಡಿಯುವುದು ಜೇಬಿನ ನಾನ್-ಕಾಂಟ್ಯಾಕ್ಟ್ ಟೆಸ್ಟರ್.

ಜನರೇಟರ್‌ಗೆ ಹಾಕಿದರೆ ಇ2

ಯೊಸೆಮಿಟಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗಾಡಿಗೆ ಕರೆಂಟ್ ಕೊಡುವ ಹುಕಪ್ಪೇ ಇಲ್ಲ. ಅಂಥ ಕಡೆ ಸಣ್ಣ ಇನ್ವರ್ಟರ್ ಜನರೇಟರ್ ತಂದು ಇಎಂಎಸ್ ಮೂಲಕ ಜೋಡಿಸಿದರೆ ಇ2 ತೋರಿಸಿ ಕರೆಂಟ್ ಬಿಡುವುದಿಲ್ಲ. ಎರಡೂ ಕೆಟ್ಟಿಲ್ಲ. ಈ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಅರ್ಥಿಂಗ್‌ಗೆ ಸೇರಿರುವುದಿಲ್ಲ, ಡಬ್ಬಿ ಅದನ್ನು ಅರ್ಥಿಂಗ್ ಇಲ್ಲ ಅಂತ ಓದುತ್ತದೆ. ನ್ಯೂಟ್ರಲ್ ಮತ್ತು ಅರ್ಥಿಂಗ್ ಪಿನ್ ಜೋಡಿಸಿದ ಒಂದು ಬಾಂಡಿಂಗ್ ಪ್ಲಗ್ ಸಿಗುತ್ತದೆ. ಜನರೇಟರ್‌ನ ಖಾಲಿ ಸಾಕೆಟ್ಟಿಗೆ ಅದನ್ನು ಚುಚ್ಚಿದರೆ ಇ2 ಹೋಗಿ ಇ0 ಬರುತ್ತದೆ. ಅದೇ ಪ್ಲಗ್ಗನ್ನು ಪೆಡೆಸ್ಟಲ್‌ಗೋ ಮನೆಯ ಸಾಕೆಟ್ಟಿಗೋ ಹಾಕಿದರೆ ಅರ್ಥಿಂಗ್ ತಂತಿಯಲ್ಲಿ ನ್ಯೂಟ್ರಲ್ ಕರೆಂಟ್ ಹರಿಯತೊಡಗುತ್ತದೆ. ಆದ್ದರಿಂದ ಅದರ ಮೇಲೆ ಕೆಂಪು ಟೇಪ್ ಸುತ್ತಿ "ಜನರೇಟರ್‌ಗೆ ಮಾತ್ರ" ಅಂತ ಬರೆದು, ಜನರೇಟರ್ ಹಿಡಿಗೇ ದಾರದಲ್ಲಿ ಕಟ್ಟಿಡಿ.